ಕೆಡುತ್ತಿರುವ ಹಾರ್ಡ್ ಡಿಸ್ಕಿನಿಂದ ಮಾಹಿತಿಯ ಉದ್ಧಾರ



ಆಳಂದ, ಅಫಜಲಪುರ, ಜೇವರ್ಗಿ ಎಂಬ ಹೆಸರುಗಳನ್ನು ಕೇಳಿದೊಡನೆ ತೊಗರಿಯ ಹೊಲಗಳೂ ಭೀಮೆ ಅಮರ್ಜೆಯರೂ, ಲಾಡ್ಲೆ ಮಶಾಯಕರ ದರ್ಗಾವೂ ಗಾಣಗಾಪುರದ ದತ್ತಪಾದುಕೆಗಳೂ ಮನಸ್ಸಿಗೆ ಬರುವುವೇ ಹೊರತು, ಗಣಕಯಂತ್ರದೊಳಗಿರುವ ಹಾರ್ಡ್ ಡಿಸ್ಕ್ ಎಂಬ ಲೋಹದ ಡಬ್ಬಿ ಯಾರ ಮನಸ್ಸಿಗೂ ಬರಲಾರದು. ಆದರೂ ಈ ತಾಲ್ಲೂಕುಗಳ ಜನಜೀವನದ ಎಷ್ಟೋ ಭಾಗ ಇಂದು ಆ ಡಬ್ಬಿಯನ್ನೇ ನಂಬಿಕೊಂಡಿದೆ. ಮದುವೆಯ ಫೋಟೋ ವಿಡಿಯೋಗಳನ್ನು ಗಿರಾಕಿ ಬಂದು ಆಲ್ಬಮ್ ಒಯ್ಯುವ ತನಕ, ಒಯ್ದ ಮೇಲೆಯೂ ಕೆಲವು ವರ್ಷ, ಜೋಪಾನವಾಗಿಟ್ಟಿರುವ ಸ್ಟುಡಿಯೋದವರು, ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಮಠದ ಸ್ಮರಣ ಸಂಚಿಕೆ ಇವುಗಳ ಅಕ್ಷರಜೋಡಣೆಯನ್ನು ಕೂಡಿಸಿಟ್ಟಿರುವ ಡಿ.ಟಿ.ಪಿ. ಅಂಗಡಿಯವರು, ಅಡತಿಯ ಲೆಕ್ಕ ಬರೆಯುವ ಗುಮಾಸ್ತರು, ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಮಹಾಪ್ರಬಂಧದ ಕರಡನ್ನು ತಿದ್ದುತ್ತಿರುವ ಸಂಶೋಧಕರು, ಇವರೆಲ್ಲರ ಶ್ರಮವೂ ಆ ಡಬ್ಬಿಯಲ್ಲಿ ಅಡಗಿದೆ. ಅದು ಕೆಡುವ ಕಾಲ ಬಂದಾಗ ಏನು ಮಾಡತಕ್ಕದ್ದು, ಏನು ಮಾಡತಕ್ಕದ್ದಲ್ಲ ಎಂಬುದು ಇಂದಿನ ವಿಷಯ.

ಸರಕಾರದ ದಫ್ತರಕ್ಕೂ ಗೃಹಸ್ಥನ ದಫ್ತರಕ್ಕೂ ಇರುವ ಒಂದು ಅಂತರವನ್ನು ಮೊದಲು ಹೇಳಬೇಕು. ‘ಭೂಮಿ’ ಯೋಜನೆಯ ಮೂಲಕ 2001ರ ಸುಮಾರಿಗೆ ಕರ್ನಾಟಕದ 67 ಲಕ್ಷ ಭೂಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿದುವು. ಪಟವಾರಿಯ ಬಸ್ತೆಯಲ್ಲಿ ಮಡಿಸಿ ಮಡಿಸಿ ಹರಿದುಹೋಗುತ್ತಿದ್ದ ಕಾಗದದ ಸ್ಥಾನದಲ್ಲಿ ತಹಸೀಲು ಕಚೇರಿಯ ಕಿಟಕಿಯಿಂದ ಅಚ್ಚಾದ ಹಾಳೆ ಬರತೊಡಗಿತು. ಇಂದು ಜೇವರ್ಗಿಯ ತಹಸೀಲಿನ ಒಂದು ಯಂತ್ರ ಸುಟ್ಟುಹೋದರೂ ರೈತನ ಪಹಣಿ ಸುಟ್ಟುಹೋಗುವುದಿಲ್ಲ. ಬೇರೆಡೆ ಅದರ ಪ್ರತಿ ಇದ್ದೇ ಇರುತ್ತದೆ. ಅದೇ ರೈತನ ಮಗಳ ಮದುವೆಯ ಚಿತ್ರಗಳಿಗೆ ಈ ಭಾಗ್ಯವಿಲ್ಲ. ಅವುಗಳಿಗೆ ಪ್ರತಿಯಿಲ್ಲ; ಇದ್ದರೂ ಅದೇ ಡಿಸ್ಕಿನ ಮತ್ತೊಂದು ಫೋಲ್ಡರಿನಲ್ಲಿ ಇರುತ್ತದೆ!

ಹಾರ್ಡ್ ಡಿಸ್ಕು ಹುಟ್ಟಿದ ವರ್ಷ ನಮ್ಮ ಜಿಲ್ಲೆಯವರಿಗೆ ಮರೆಯಲಾಗದ ವರ್ಷವೇ ಆಗಿದೆ. ಹೈದರಾಬಾದು ರಾಜ್ಯದಿಂದ ಬೇರ್ಪಟ್ಟು ಕಲಬುರಗಿಯು ವಿಶಾಲ ಮೈಸೂರನ್ನು ಸೇರಿದ 1956ರಲ್ಲಿಯೇ ಅಮೆರಿಕೆಯ ಐಬಿಎಂ ಸಂಸ್ಥೆ, 24 ಅಂಗುಲ ವ್ಯಾಸದ 50 ತಟ್ಟೆಗಳನ್ನು ಒಂದೇ ಅಚ್ಚಿಗೆ ಪೋಣಿಸಿ, ಸುಮಾರು 50 ಲಕ್ಷ ಅಕ್ಷರಗಳನ್ನು ಹಿಡಿಯಬಲ್ಲ ಯಂತ್ರವೊಂದನ್ನು ಲೋಕದ ಮುಂದಿಟ್ಟಿತು. ಇಂದಿನ ಒಂದೆರಡು ಫೋಟೋಗಳಿಗೆ ಆ ಇಡೀ ಯಂತ್ರ ಸಾಲದು. ಆದರೆ ತತ್ತ್ವ ಬದಲಾಗಿಲ್ಲ. ಅಯಸ್ಕಾಂತದ ಲೇಪವುಳ್ಳ ತಟ್ಟೆಗಳು ನಿಮಿಷಕ್ಕೆ 5400 ಸಲವೋ 7200 ಸಲವೋ ತಿರುಗುತ್ತಿರಲು, ಅವುಗಳ ಮೇಲೆ ಕೆಲವೇ ನ್ಯಾನೋಮೀಟರುಗಳ ಎತ್ತರದಲ್ಲಿ, ತಟ್ಟೆಯನ್ನು ಮುಟ್ಟದೆ, ತೇಲುತ್ತ ಓದುವ ಸೂಕ್ಷ್ಮವಾದ ಹೆಡ್ಡುಗಳಿರುತ್ತವೆ. ಬೀಡಿಯ ಹೊಗೆಯ ಕಣ ಸಹ ಆ ಸಂದಿಯೊಳಗೆ ಹಿಡಿಸಲಾರದು. ತಟ್ಟೆಯ ಮೇಲಿನ ಬರವಣಿಗೆ ಸೆಕ್ಟರುಗಳೆಂಬ ಚಿಕ್ಕ ಚಿಕ್ಕ ಖಂಡಗಳಾಗಿ ಹಂಚಿಹೋಗಿದೆ. ಹಿಂದೆ ಒಂದೊಂದರಲ್ಲಿ 512 ಬೈಟುಗಳಿದ್ದುವು, ಈಚಿನ ಡಿಸ್ಕುಗಳಲ್ಲಿ 4096. ಹೆಡ್ಡು ಸವೆದಾಗ, ಅಥವಾ ತಟ್ಟೆ ಗೀಚಿಹೋದಾಗ, ಕೆಲವು ಸೆಕ್ಟರುಗಳು ಓದಿಗೆ ಸಿಕ್ಕದಂತಾಗುತ್ತವೆ. ಡಿಸ್ಕು ಸುಮ್ಮನಿರುವುದಿಲ್ಲ; ಸಿಕ್ಕದ ಸೆಕ್ಟರನ್ನು ಮತ್ತೆ ಮತ್ತೆ ಓದಲು ಹವಣಿಸುತ್ತದೆ, ಹೆಡ್ಡನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತದೆ. ಯಂತ್ರ ಮಂದವಾಗುವುದೂ, ಫೈಲು ತೆರೆಯಲು ಹೋದರೆ ಪರದೆ ಹಾಗೆಯೇ ನಿಂತುಬಿಡುವುದೂ, ಕಡೆಗೆ ‘ಟಕ್ ಟಕ್’ ಎಂಬ ಸದ್ದು ಕೇಳುವುದೂ ಇದರಿಂದಲೇ.

ನಮ್ಮ ಕಡೆ ಇದಕ್ಕೆಲ್ಲ ಬಿಸಿಲನ್ನು ದೂರುವ ರೂಢಿಯಿದೆ. ವೈಶಾಖದಲ್ಲಿ 40 ಡಿಗ್ರಿಯನ್ನು ಮೀರುವ ಊರಿನವರು ಹಾಗೆ ಹೇಳುವುದು ಸಹಜವೇ. ಆದರೆ 2007ರಲ್ಲಿ ಗೂಗಲ್ ಸಂಸ್ಥೆಯ ತಜ್ಞರು ಒಂದು ಲಕ್ಷಕ್ಕೂ ಮಿಕ್ಕಿದ ಡಿಸ್ಕುಗಳ ಜಾತಕವನ್ನು ಪರಿಶೀಲಿಸಿ ಪ್ರಕಟಿಸಿದ ಲೇಖನದಲ್ಲಿ, ಉಷ್ಣಕ್ಕೂ ಡಿಸ್ಕಿನ ಕೇಡಿಗೂ ಜನ ತಿಳಿದಿದ್ದಷ್ಟು ನಿಕಟವಾದ ಸಂಬಂಧ ಕಂಡುಬರಲಿಲ್ಲ. ತಂಪಾದ ಯಂತ್ರಾಗಾರಗಳ ಆ ನಿರ್ಣಯವನ್ನು ತಗಡಿನ ಮಾಡಿನ ಅಂಗಡಿಗೆ ಯಥಾವತ್ತಾಗಿ ಅನ್ವಯಿಸಲಾಗದು, ನಿಜ. ಆದರೂ ಆ ಲೇಖನದ ಇನ್ನೆರಡು ಮಾತು ಎಲ್ಲರಿಗೂ ಅನ್ವಯಿಸತಕ್ಕವು. ತಪಾಸಣೆಯಲ್ಲಿ ಮೊದಲ ದೋಷ ಕಾಣಿಸಿಕೊಂಡ ಡಿಸ್ಕು ಮುಂದಿನ 60 ದಿನಗಳೊಳಗೆ ಕೆಡುವ ಸಂಭವ, ದೋಷ ಕಾಣದ ಡಿಸ್ಕಿಗಿಂತ 39 ಪಾಲು ಹೆಚ್ಚು ಎಂಬುದು ಒಂದು. ಕೆಟ್ಟುಹೋದ ಡಿಸ್ಕುಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಪ್ರಬಲವಾದ ಮುನ್ಸೂಚನೆಗಳಲ್ಲಿ ಯಾವುದೊಂದನ್ನೂ ತೋರದೆಯೇ ಕೆಟ್ಟವು ಎಂಬುದು ಮತ್ತೊಂದು. ಅಂದರೆ ಸೂಚನೆ ಕಂಡರೆ ತಡಮಾಡಬಾರದು. ಕಾಣದಿದ್ದರೆ ನಿಶ್ಚಿಂತೆಯಿಂದಿರಲೂ ಬಾರದು. ಸೂಚನೆಯನ್ನು ನೋಡಲು ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ‘ಸ್ಮಾರ್ಟ್‌ಸಿಟಿಎಲ್’ ಎಂಬ ಸಾಧನವಿದೆ. ಅದು ಮುಂದಿಡುವ ಉದ್ದನೆಯ ಪಟ್ಟಿಯಲ್ಲಿ 5, 197, 198 ಎಂಬ ಸಂಖ್ಯೆಯ ಸಾಲುಗಳಲ್ಲಿ ಕಡೆಯ ಅಂಕಣದ ಸಂಖ್ಯೆ ಸೊನ್ನೆಯಾಗಿದ್ದರೆ ಸಮಾಧಾನ. ಸೊನ್ನೆಯಲ್ಲದೆ ದಿನದಿನಕ್ಕೆ ಏರುತ್ತಿದ್ದರೆ ಆ ಡಿಸ್ಕಿನ ಆಯುಷ್ಯ ಮುಗಿಯುತ್ತ ಬಂದಿದೆ ಎಂದೇ ತಿಳಿಯತಕ್ಕದ್ದು.

ಇಂಥ ಹೊತ್ತಿನಲ್ಲಿ ಜನ ಸಾಮಾನ್ಯವಾಗಿ ಮಾಡುವುದೇನು? ಯಂತ್ರವನ್ನು ಆರಿಸಿ ಹಾಕುತ್ತಾರೆ. ಮತ್ತೆ ಆರಿಸಿ ಹಾಕುತ್ತಾರೆ. ಅಂಗಡಿಗೆ ಒಯ್ದರೆ, “ಫಾರ್ಮ್ಯಾಟ್ ಹೊಡೀರಿ, ಸರಿ ಹೋಗ್ತದ” ಎಂಬ ಸಲಹೆ ಸಿಕ್ಕುತ್ತದೆ. ಯಂತ್ರ ಸರಿಹೋಗುವುದೂ ಉಂಟು, ಒಳಗಿದ್ದುದು ಮಾತ್ರ ಹೋಗಿರುತ್ತದೆ. ವಿಂಡೋಸು ತಾನಾಗಿಯೇ ಡಿಸ್ಕನ್ನು ತಿದ್ದಲು ತೊಡಗಿ, ಓದಲಾಗದ ಕಡೆಗಳಲ್ಲಿ ಫೈಲುಗಳ ಕೊಂಡಿಗಳನ್ನು ಕತ್ತರಿಸಿ, ಇದ್ದ ವ್ಯವಸ್ಥೆಯನ್ನೂ ಚದರಿಸುವುದುಂಟು. ಇನ್ನು ಕೆಲವರು ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರಿಜ್ಜಿನ ಬರ್ಫದ ಖಾನೆಯಲ್ಲಿ ಇಡುತ್ತಾರೆ. ಹೊರಗೆ ತೆಗೆದಾಗ ತಟ್ಟೆಯ ಮೇಲೆ ತೇವ ಕೂಡುತ್ತದೆಯೇ ಹೊರತು ಬೇರೆ ಲಾಭವಿಲ್ಲ. ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದು “ಏನಾಗ್ಯದ ನೋಡೋಣು” ಎನ್ನುವ ಸಾಹಸಿಗಳ ವಿಷಯದಲ್ಲಿ ನಾನು ಏನನ್ನೂ ಹೇಳುವುದಿಲ್ಲ. ಎರೆಮಣ್ಣಿನ ಧೂಳೇ ಹೇಳುತ್ತದೆ.

ಈ ಎಲ್ಲ ಉಪಾಯಗಳಲ್ಲಿಯೂ ದೋಷ ಒಂದೇ. ಕೆಡುತ್ತಿರುವ ಡಿಸ್ಕು ಇನ್ನೆಷ್ಟು ಹೊತ್ತು ಓದಿಕೊಟ್ಟೀತು ಎಂಬುದು ಯಾರಿಗೂ ತಿಳಿಯದು. ಉಳಿದಿರುವ ಆ ಅಲ್ಪ ಶಕ್ತಿಯನ್ನು ರಿಪೇರಿಗೂ ಪರೀಕ್ಷೆಗೂ ಕುತೂಹಲಕ್ಕೂ ವ್ಯಯಮಾಡದೆ, ಕೇವಲ ನಕಲಿಗೆ, ಅದೂ ಸುಲಭವಾಗಿ ಓದಲು ಬರುವ ಭಾಗಗಳ ನಕಲಿಗೆ ಮೊದಲು ವಿನಿಯೋಗಿಸಬೇಕು. ನಕಲು ಕೈಸೇರಿದ ಮೇಲೆ ಮೂಲ ಡಿಸ್ಕನ್ನು ಕಳಚಿ ಎತ್ತಿಟ್ಟು, ಮುಂದಿನ ಸಮಸ್ತ ಚಿಕಿತ್ಸೆಯನ್ನೂ ನಕಲಿನ ಮೇಲೆಯೇ ನಡೆಸಬೇಕು. ನಾನು ಇಂದು ಹೇಳಬೇಕಾದುದು ವಸ್ತುತಃ ಇಷ್ಟೇ. ಉಳಿದುದೆಲ್ಲ ಇದರ ವಿಸ್ತರಣ.

ಈ ಕೆಲಸಕ್ಕೆ ಲಿನಕ್ಸೇ ಏಕೆ ಎಂದು ಕೇಳಬಹುದು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿ, ತರುವಾಯ ಲೋಕದ ಸಾವಿರಾರು ಮಂದಿ ಕೂಡಿ ಬೆಳಸಿದ ಈ ವ್ಯವಸ್ಥೆಯನ್ನು ಯಾರು ಬೇಕಾದರೂ ಬಿಡಿಗಾಸಿಲ್ಲದೆ ಪಡೆಯಬಹುದು. ಪೆನ್ ಡ್ರೈವಿಗೆ ಹಾಕಿಕೊಂಡು, ಯಂತ್ರದ ಸ್ವಂತ ಡಿಸ್ಕನ್ನು ಮುಟ್ಟದೆಯೇ, ಪೆನ್ ಡ್ರೈವಿನಿಂದಲೇ ಯಂತ್ರವನ್ನು ನಡೆಸಬಹುದು. ಪರದೆಯ ಮೇಲೆ ಚಿತ್ರಗಳನ್ನು ತೋರುವ ಕೆಲವು ಲಿನಕ್ಸುಗಳು, ಯುಎಸ್‌ಬಿ ಡಿಸ್ಕನ್ನು ಚುಚ್ಚಿದೊಡನೆ ಕೇಳದೆಯೇ ಅದನ್ನು ತೆರೆದುಬಿಡುವ ಉಪಚಾರವನ್ನು ವಿಂಡೋಸಿನಿಂದ ಕಲಿತಿವೆ. ಆದುದರಿಂದ ಉದ್ಧಾರಕಾರ್ಯಕ್ಕೆಂದೇ ಸಿದ್ಧಪಡಿಸಿದ ‘ಸಿಸ್ಟಮ್‌ರೆಸ್ಕ್ಯೂ’ ಎಂಬ ಆವೃತ್ತಿಯನ್ನು ಬಳಸುವುದು ಲೇಸು. ಅದು ಅಪ್ಪಣೆಯಿಲ್ಲದೆ ಯಾವ ಡಿಸ್ಕಿನ ಗೊಡವೆಗೂ ಹೋಗುವುದಿಲ್ಲ.

ಅದರಲ್ಲಿ ‘ಡಿಡಿರೆಸ್ಕ್ಯೂ’ ಎಂಬ ಸಾಧನವೊಂದಿದೆ. ಆಂಟೋನಿಯೋ ಡಿಯಾಸ್ ಡಿಯಾಸ್ ಎಂಬವರು 2004ರಿಂದ ಇದನ್ನು ರಚಿಸಿ ಕಾಪಾಡಿಕೊಂಡು ಬಂದಿದ್ದಾರೆ. ಲಿನಕ್ಸಿನಲ್ಲಿ ಹಿಂದಿನಿಂದಲೂ ಇದ್ದ ‘ಡಿಡಿ’ ಎಂಬ ನಕಲಿನ ಸಾಧನ ಮೊದಲ ಸೆಕ್ಟರಿನಿಂದ ಕಡೆಯ ಸೆಕ್ಟರಿನವರೆಗೆ ಒಂದೇ ಸಮನೆ ಓದುತ್ತ ಹೋಗುವುದು. ದೋಷ ಎದುರಾದರೆ ಅಲ್ಲಿಯೇ ನಿಲ್ಲುವುದು, ಇಲ್ಲವೆ ಹೇಳಿದರೆ ತೊಡರುತ್ತ ಮುಂದುವರಿಯುವುದು. ಡಿಡಿರೆಸ್ಕ್ಯೂ ಮಾಡುವ ಕ್ರಮವೇ ಬೇರೆ. ಹುಳು ತಿಂದ ಓಲೆಗರಿಯ ಕಟ್ಟನ್ನು ಪ್ರತಿಮಾಡುವ ವಿವೇಕಿಯಾದ ಲಿಪಿಕಾರ, ಒಂದು ನಷ್ಟಾಕ್ಷರದ ಮುಂದೆ ದಿನವಿಡೀ ಕುಳಿತು ಗರಿಯನ್ನು ಉಜ್ಜಿ ಉಜ್ಜಿ ಮುರಿಯುವುದಿಲ್ಲ. ಸ್ಪಷ್ಟವಾಗಿ ಕಾಣುವುದನ್ನೆಲ್ಲ ಮೊದಲು ಬರೆದುಕೊಂಡು, ಕಾಣದ ಎಡೆಯಲ್ಲಿ ಗ್ರಂಥಪಾತವೆಂದು ಗುರುತು ಹಾಕಿ, ಇಡೀ ಕಟ್ಟು ಮುಗಿದ ಮೇಲೆ ಆ ಗುರುತುಗಳ ಬಳಿಗೆ ಮರಳುತ್ತಾನೆ. ಈ ಸಾಧನದ ನಡೆಯೂ ಹಾಗೆಯೇ. ಮೊದಲನೆಯ ಸುತ್ತಿನಲ್ಲಿ ದೊಡ್ಡ ದೊಡ್ಡ ತುಂಡುಗಳಾಗಿ ಓದುತ್ತ, ದೋಷವೋ ಮಾಂದ್ಯವೋ ಕಂಡಲ್ಲಿ ಒಂದಷ್ಟು ದೂರ ಹಾರಿ ಮುಂದಕ್ಕೆ ಹೋಗುತ್ತದೆ. ಮುಂದಿನ ಸುತ್ತುಗಳಲ್ಲಿ ಹಿಂದುಮುಂದಾಗಿ ಬಂದು ಬಿಟ್ಟ ತುಂಡುಗಳನ್ನು ಪರೀಕ್ಷಿಸುತ್ತದೆ. ಅನಂತರ ಕೆಟ್ಟ ತುಂಡುಗಳ ಅಂಚುಗಳನ್ನು ಸೆಕ್ಟರು ಸೆಕ್ಟರಾಗಿ ಸವರುತ್ತದೆ. ಆಮೇಲೆ ನಡುವೆ ಉಳಿದುದನ್ನು ಒಂದೊಂದಾಗಿ ಕೆರೆಯುತ್ತದೆ. ನಾವು ಅಪ್ಪಣೆ ಕೊಟ್ಟಷ್ಟು ಸಲ ಮತ್ತೆ ಯತ್ನಿಸಿ ಕಡೆಗೆ ಕೈಬಿಡುತ್ತದೆ. ಕೆರೆಯುವ ಘಟ್ಟವೇ ಡಿಸ್ಕಿಗೆ ಪ್ರಾಣಾಂತಿಕವಾದುದು. ಆದಕಾರಣ ಅನುಭವಿಗಳು ಆರಂಭದಲ್ಲಿ ಅದನ್ನು ಬೇಡವೆಂದು ಸೂಚಿಸಿ, ಸುಲಭವಾಗಿ ದೊರೆಯುವುದೆಲ್ಲ ದೊರೆತ ಮೇಲೆಯೇ ಎರಡನೆಯ ಆಜ್ಞೆಯಿಂದ ಅದನ್ನು ಆರಂಭಿಸುತ್ತಾರೆ.

ಯಾವ ಸೆಕ್ಟರು ದೊರೆಯಿತು, ಯಾವುದು ದೊರೆಯಲಿಲ್ಲ, ಯಾವುದನ್ನು ಇನ್ನೂ ಮುಟ್ಟಿಲ್ಲ ಎಂಬ ವಿವರವನ್ನು ಡಿಡಿರೆಸ್ಕ್ಯೂ ಒಂದು ಚಿಕ್ಕ ಫೈಲಿನಲ್ಲಿ ಆಗಾಗ ಬರೆದಿಡುತ್ತಿರುತ್ತದೆ. ಇದಕ್ಕೆ ಮ್ಯಾಪ್ ಫೈಲು ಎಂದು ಹೆಸರು. ನಮ್ಮ ತಾಲ್ಲೂಕುಗಳ ಮಟ್ಟಿಗೆ ಇಡೀ ಸಾಧನದ ಸಾರವೇ ಇದರಲ್ಲಿದೆ ಎಂದು ನನ್ನ ಅಭಿಪ್ರಾಯ. ಸೆಕೆಂಡಿಗೆ 100 ಮೆಗಾಬೈಟಿನಂತೆ ಓದುವ ಆರೋಗ್ಯವಂತ ಡಿಸ್ಕಾದರೆ ಒಂದು ಟೆರಾಬೈಟನ್ನು ನಕಲು ಮಾಡಲು ಮೂರು ಗಂಟೆ ಸಾಕು. ಕೆಟ್ಟ ಡಿಸ್ಕು ದಿನಗಟ್ಟಲೆ ತೆಗೆದುಕೊಳ್ಳುವುದುಂಟು. ಅಷ್ಟು ಕಾಲ ಅವಿಚ್ಛಿನ್ನವಾಗಿ ಕರೆಂಟು ಇದ್ದೀತೆಂಬ ಭರವಸೆಯನ್ನು ಅಫಜಲಪುರದ ಹಳ್ಳಿಯಲ್ಲಿ ಯಾರು ಕೊಡಬಲ್ಲರು? ಕರೆಂಟು ಹೋಗಲಿ, ಯಂತ್ರ ನಿಲ್ಲಲಿ. ಮರುದಿನ ಅದೇ ಆಜ್ಞೆಯನ್ನು ಅದೇ ಮ್ಯಾಪ್ ಫೈಲಿನ ಹೆಸರಿನೊಡನೆ ಕೊಟ್ಟರೆ, ಓದಿದುದನ್ನು ಮತ್ತೆ ಓದದೆ, ಬಿಟ್ಟಲ್ಲಿಂದಲೇ ಕೆಲಸ ಮುಂದುವರಿಯುತ್ತದೆ. ಇಲ್ಲಿ ಒಂದು ಎಚ್ಚರಿಕೆ ಮಾತ್ರ ಅವಶ್ಯ. ಪೆನ್ ಡ್ರೈವಿನಿಂದ ನಡೆಯುವ ಲಿನಕ್ಸಿನಲ್ಲಿ ಸುಮ್ಮನೆ ಉಳಿಸಿದ ಫೈಲು ಯಂತ್ರದ ಕ್ಷಣಿಕ ಸ್ಮೃತಿಯಲ್ಲಿ ಮಾತ್ರ ಇರುತ್ತದೆ, ಕರೆಂಟಿನೊಡನೆ ಅದೂ ಹೋಗುತ್ತದೆ. ಮ್ಯಾಪ್ ಫೈಲನ್ನು ನಕಲು ಸೇರುತ್ತಿರುವ ಒಳ್ಳೆಯ ಡಿಸ್ಕಿನ ಮೇಲೆಯೇ ಇಡತಕ್ಕದ್ದು.

ಆ ಒಳ್ಳೆಯ ಡಿಸ್ಕು ಕೆಟ್ಟ ಡಿಸ್ಕಿಗಿಂತ ದೊಡ್ಡದಾಗಿರಬೇಕು. ಒಳಗಿರುವ ಫೋಟೋ ಸ್ವಲ್ಪವೇ ಇದ್ದರೂ ನಕಲು ಆಗುವುದು ಖಾಲಿ ಜಾಗವನ್ನೂ ಸೇರಿಸಿಯೇ. ಈ ನಕಲು ಒಂದೇ ದೊಡ್ಡ ಫೈಲಾಗಿ ಕೂಡುತ್ತದೆ; ಒಳ್ಳೆಯ ಡಿಸ್ಕು ಫ್ಯಾಟ್-32 ಕ್ರಮದಲ್ಲಿ ಸಿದ್ಧವಾಗಿದ್ದರೆ 4 ಗಿಗಾಬೈಟಿಗಿಂತ ದೊಡ್ಡ ಫೈಲನ್ನು ಹಿಡಿಯಲಾರದು. ಡಿಸ್ಕುಗಳಿಗೆ ಲಿನಕ್ಸು ಎಸ್‌ಡಿಎ, ಎಸ್‌ಡಿಬಿ ಎಂದು ಮುಂತಾಗಿ ಹೆಸರಿಡುತ್ತದೆ. ಆಜ್ಞೆಯಲ್ಲಿ ಮೂಲದ ಹೆಸರು ಮೊದಲು, ನಕಲಿನ ಹೆಸರು ಆಮೇಲೆ, ಮ್ಯಾಪ್ ಫೈಲಿನ ಹೆಸರು ಕಡೆಗೆ. ಈ ಕ್ರಮ ತಿರುಗುಮುರುಗಾದರೆ ಖಾಲಿ ಡಿಸ್ಕಿನ ಶೂನ್ಯ ಮದುವೆಯ ಮೇಲೆ ಹರಿದು ಸರ್ವಸ್ವವೂ ಹೋದೀತು. ‘ಎಲ್ಎಸ್‌ಬಿಎಲ್‌ಕೆ’ ಎಂಬ ಆಜ್ಞೆ ಡಿಸ್ಕುಗಳ ಗಾತ್ರವನ್ನು ತೋರಿಸುತ್ತದೆ. ಎಂಟರ್ ಒತ್ತುವ ಮೊದಲು ಅದನ್ನು ನೋಡಿ, ಪಕ್ಕದವರಿಗೂ ತೋರಿಸಿ.

ನಕಲು ಕೈಗೆ ಬಂದ ಮೇಲೆ ಕೆಲಸ ನಿರಾತಂಕವಾದುದು. ಆ ಪ್ರತಿಬಿಂಬವನ್ನು ಬರೆಯಲಾಗದಂತೆ, ಓದಲು ಮಾತ್ರ ಬರುವಂತೆ ತೆರೆದರೆ, ಹಲವು ಸಲ ಫೋಲ್ಡರುಗಳು ಹೆಸರುಸಹಿತ ಹಾಗೆಯೇ ಕಾಣುತ್ತವೆ. ಕಾಣದಿದ್ದರೆ, ವಿಭಾಗಗಳ ಕೋಷ್ಟಕ ಅಳಿದುಹೋಗಿದ್ದರೆ, ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೇ ಅವರ ‘ಟೆಸ್ಟ್‌ಡಿಸ್ಕ್’ ಅದನ್ನು ಹುಡುಕಿ ಕೊಡುತ್ತದೆ. ಅದೂ ಸಾಗದಿದ್ದಲ್ಲಿ ಅವರದೇ ‘ಫೋಟೋರೆಕ್’ ಇದೆ. ಇದು ಫೈಲುಗಳ ಹೆಸರು ವಿಳಾಸಗಳನ್ನು ಲೆಕ್ಕಿಸದೆ, ಪ್ರತಿಯೊಂದು ಜಾತಿಯ ಫೈಲಿನ ಆರಂಭದಲ್ಲಿ ಇದ್ದೇ ಇರುವ ನಿಯತ ಚಿಹ್ನೆಯನ್ನು ಹುಡುಕುತ್ತ ಇಡೀ ನಕಲನ್ನು ಸೋಸುತ್ತದೆ. ಫೋಟೋಗಳು ಚೆನ್ನಾಗಿ ಸಿಕ್ಕುತ್ತವೆ. ಆದರೆ ಹೆಸರು ಹೋಗಿ ಅಂಕಿಗಳು ಬಂದಿರುತ್ತವೆ. ಯಾವ ಫೋಟೋ ಯಾರ ಮದುವೆಯದು ಎಂಬುದನ್ನು ಸ್ಟುಡಿಯೋದವರು ಮುಖ ನೋಡಿಯೇ ವಿಂಗಡಿಸಬೇಕು. ಉದ್ದನೆಯ ವಿಡಿಯೋಗಳು ಡಿಸ್ಕಿನ ಮೇಲೆ ತುಂಡುತುಂಡಾಗಿ ಚದರಿರುವುದರಿಂದ ಅನೇಕ ವೇಳೆ ಕೈಗೂಡುವುದಿಲ್ಲ. ಕ್ಯಾಮರಾದ ಮೆಮೊರಿ ಕಾರ್ಡು ಕೆಟ್ಟಾಗಲೂ ಇದೇ ಕ್ರಮ, ಇದೇ ಸಾಧನ.

ಇನ್ನು ಕನ್ನಡದಲ್ಲಿ ಕೆಲಸಮಾಡುವವರಿಗೆ ಎದುರಾಗುವ ಒಂದು ಸಂಕಟವುಂಟು. ಇದನ್ನು ಇಂಗ್ಲಿಷಿನ ಕೈಪಿಡಿಗಳು ಹೇಳಲಾರವು. ನಮ್ಮ ಡಿ.ಟಿ.ಪಿ. ಅಂಗಡಿಗಳ ಹಳೆಯ ಬರಹವೆಲ್ಲ ಪ್ರಾಯಶಃ ಯೂನಿಕೋಡಿನಲ್ಲಿಲ್ಲ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿಯೋ, ಶೇಷಾದ್ರಿವಾಸು ಅವರ ‘ಬರಹ’ದಲ್ಲಿಯೋ, ಶ್ರೀಲಿಪಿಯಲ್ಲಿಯೋ ಇದೆ. ಈ ಪದ್ಧತಿಗಳಲ್ಲಿ ಡಿಸ್ಕಿನ ಮೇಲೆ ಇರುವುದು ರೋಮನ್ ಅಕ್ಷರಗಳ ಸಂಕೇತ. ಕನ್ನಡದ ರೂಪವನ್ನು ಕೊಡುವುದು ಫಾಂಟು. ಉದ್ಧರಿಸಿದ ಫೈಲನ್ನು ಲಿನಕ್ಸಿನಲ್ಲಿ ತೆರೆದಾಗ, ತಲೆಯ ಮೇಲೆ ಗೀಟು ಚುಕ್ಕೆಗಳನ್ನು ಹೊತ್ತ ಪರದೇಶದ ಅಕ್ಷರಗಳೂ ಪೌಂಡಿನ ಗುರುತುಗಳೂ ಸಾಲುಸಾಲಾಗಿ ಕಾಣುತ್ತವೆ. “ಎಲ್ಲಾ ಹಾಳಾಗಿ ಹೋಗ್ಯದರಿ” ಎಂದು ಆ ಫೈಲನ್ನು ಅಳಿಸಿಬಿಟ್ಟವರುಂಟು. ಹಾಳಾದುದು ಏನೂ ಇಲ್ಲ! ಬರೆದ ಪದ್ಧತಿಯ ಫಾಂಟನ್ನು ಆ ಯಂತ್ರಕ್ಕೆ ಹಾಕಿದರೆ ಲಗ್ನಪತ್ರಿಕೆ ಲಗ್ನಪತ್ರಿಕೆಯಾಗಿಯೇ ಮೂಡುತ್ತದೆ. ಪರಿವರ್ತಕವೊಂದರ ಮೂಲಕ ಯೂನಿಕೋಡಿಗೆ ತಂದುಕೊಂಡರೆ ಮುಂದೆ ಈ ತೊಡಕೇ ಇರುವುದಿಲ್ಲ.

ಈ ವಿದ್ಯೆ ಸರ್ವರೋಗಕ್ಕೂ ಮದ್ದಲ್ಲ. ತಟ್ಟೆ ತಿರುಗದೆ ಇದ್ದರೆ, ಹಾಕಿದ ಕ್ಷಣವೇ ಟಕ್ಕೆಂದು ಬಡಿಯತೊಡಗಿದರೆ, ಲಿನಕ್ಸಿನಿಂದ ಏನೂ ಆಗದು. ಧೂಳಿಲ್ಲದ ಕೋಣೆಯಲ್ಲಿ ಹೆಡ್ಡನ್ನು ಬದಲಿಸಬಲ್ಲ ಪ್ರಯೋಗಾಲಯಕ್ಕೇ ಕಳಿಸಬೇಕು, ಅದಕ್ಕೆ ಸಾವಿರಾರು ರೂಪಾಯಿ ತೆರಬೇಕು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ, ಸೊನ್ನದ ಬ್ಯಾರೇಜಿನ ಕೆಳಗಿನ ಅಫಜಲಪುರ ಜೇವರ್ಗಿಗಳ ಊರುಗಳಿಗೆ ನುಗ್ಗಿದಂಥ ನೀರಿನಲ್ಲಿ ಮುಳುಗಿದ ಡಿಸ್ಕು ಸಹ ಈ ವರ್ಗಕ್ಕೇ ಸೇರಿದುದು. ಸಾಮಾನ್ಯ ಹಾರ್ಡ್ ಡಿಸ್ಕಿಗೆ ಗಾಳಿಯಾಡಲು ಒಂದು ಸಣ್ಣ ರಂಧ್ರವಿರುತ್ತದೆ. ಅದರ ಮೂಲಕ ಕೆಸರುನೀರು ಒಳಹೊಕ್ಕಿರಬಹುದು. ಬಿಸಿಲಿಗಿಟ್ಟು ಒಣಗಿಸಿ ಕರೆಂಟು ಕೊಟ್ಟರೆ, ಒಣಗಿದ ಕೆಸರಿನ ಮೇಲೆ ಹೆಡ್ಡು ಓಡಿ ತಟ್ಟೆಯನ್ನು ಕೆತ್ತುತ್ತದೆ. ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿಗಳಲ್ಲಿ ಅಳಿಸಿದ ಫೈಲಿನ ಜಾಗವನ್ನು ಡಿಸ್ಕು ತಾನೇ ಬರಿದುಮಾಡಿಕೊಳ್ಳುವುದರಿಂದ, ಅಳಿಸಿದುದು ಮರಳುವ ಆಸೆ ಅತ್ಯಲ್ಪ. ಹೊಸ ಲ್ಯಾಪ್‌ಟಾಪುಗಳಲ್ಲಿ ವಿಂಡೋಸು ಹಾಕಿರುವ ಬಿಟ್‌ಲಾಕರ್ ಬೀಗಕ್ಕೆ 48 ಅಂಕಿಗಳ ಕೀಲಿಯುಂಟು. ಅದಿಲ್ಲದಿದ್ದರೆ ಎಷ್ಟೇ ಸಮರ್ಪಕವಾದ ನಕಲೂ ನಿರರ್ಥಕ. ಅಂಥ ಲ್ಯಾಪ್‌ಟಾಪು ಉಳ್ಳವರು ಆ ಅಂಕಿಗಳನ್ನು ಇಂದೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಲಿ.

ಆಳಂದ, ಅಫಜಲಪುರ, ಜೇವರ್ಗಿಗಳ ಪದವಿ ಕಾಲೇಜುಗಳಲ್ಲಿ ಗಣಕವಿಜ್ಞಾನವನ್ನು ಬೋಧಿಸುವ ಅಧ್ಯಾಪಕರಲ್ಲಿ ನನ್ನದೊಂದು ಬಿನ್ನಹವಿದೆ. ಸಿಸ್ಟಮ್‌ರೆಸ್ಕ್ಯೂ ತುಂಬಿದ ಒಂದು ಪೆನ್ ಡ್ರೈವು, ಎರಡು ಟೆರಾಬೈಟಿನ ಒಂದು ಖಾಲಿ ಡಿಸ್ಕು, ಒಂದು ಹಳೆಯ ಯಂತ್ರ, ಅದಕ್ಕೊಂದು ಯುಪಿಎಸ್. ಇಷ್ಟನ್ನು ಪ್ರಯೋಗಶಾಲೆಯ ಒಂದು ಮೂಲೆಯಲ್ಲಿ ಸಿದ್ಧವಾಗಿಟ್ಟು, ಕೆಟ್ಟ ಡಿಸ್ಕನ್ನು ಹಿಡಿದು ಬಂದವರಿಗೆ ವಿದ್ಯಾರ್ಥಿಗಳ ಕೈಯಿಂದಲೇ ನಕಲು ತೆಗೆಸಿಕೊಡಿ. ಸ್ಟುಡಿಯೋದವರು ಮತ್ತು ಅಂಗಡಿಯವರು ಟಕ್ ಟಕ್ ಎಂಬ ಸದ್ದು ಕೇಳಿದೊಡನೆ ಯಂತ್ರವನ್ನು ಆರಿಸಿ, ಮತ್ತೆ ಹಾಕದೆ, ಅಲ್ಲಿಗೆ ಒಯ್ಯಿರಿ.